ಮೂವತ್ತಡಿ ದೂರದ ಭದ್ರಾ ಹೊಳೆ

ನಲವತ್ತು ದಾಟಿದ ಗಂಡಸು ಹೊಸದಾಗಿ ಏನನ್ನೂ ಕಲಿಯಬಾರದು. ಕಲಿಯಲೇಬೇಕೆಂದರೆ ಹೆಂಡತಿಯ ಕಣ್ಣಿಗೆ ಬೀಳದಂಥದ್ದನ್ನು ಕಲಿಯಬೇಕು. ನಾನು ತೈಲಚಿತ್ರ ಕಲಿತೆ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಗೇಟ್ ಪಾಸ್ ಬರೆಯುವ ಗುಮಾಸ್ತನಿಗೆ ಈ ಹುಚ್ಚು ಯಾಕೆ ಹಿಡಿಯಿತೆಂದು ಕೇಳಬೇಡಿ. ಭಾನುವಾರ ಬಂದರೆ ಬಸ್ಸು ಹತ್ತಿ, ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟರ ಮನೆಗೆ ಹೋಗುತ್ತಿದ್ದೆ. ಅವರು ಬಿಸಿಲನ್ನೂ ನೆರಳನ್ನೂ ಬಿಡಿ ಬಣ್ಣದ ಚುಕ್ಕೆಗಳಲ್ಲೇ ಬರೆಯುತ್ತಿದ್ದ ಫ್ರಾನ್ಸಿನ ಇಂಪ್ರೆಷನಿಸ್ಟ್ ಚಿತ್ರಕಾರರ ಪರಮ ಭಕ್ತರು. ಮೊದಲ ದಿನವೇ ನನ್ನ ಪೆಟ್ಟಿಗೆಯಿಂದ ಕಪ್ಪು ಬಣ್ಣದ ಟ್ಯೂಬನ್ನು ತೆಗೆದು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. "ನೆರಳು ಕಪ್ಪಗಿರಲ್ಲ ಮಾರಾಯ, ನೇರಳೆಯಾಗಿರುತ್ತೆ. ಸರಿಯಾಗಿ ನೋಡು" ಎಂದರು. ಹೊಗೆ, ಮಸಿ, ಎಮ್ಮೆಗಳ ನಡುವೆ ಬದುಕುವ ಭದ್ರಾವತಿಯವನಿಂದ ಕಪ್ಪನ್ನೇ ಕಿತ್ತುಕೊಂಡರೆ ಅವನ ಪಾಡೇನು?

ನಾಲ್ಕು ತಿಂಗಳು ಒದ್ದಾಡಿ, ಬೆಳಗಿನ ಬಿಸಿಲಿನ ಭದ್ರಾ ಹೊಳೆಯನ್ನೂ ಅದರಲ್ಲಿ ಮೈ ಮುಳುಗಿಸಿ ನಿಂತ ಎಮ್ಮೆಗಳನ್ನೂ ಬರೆದೆ. ನನಗೆ ಬೇಕಾಗಿದ್ದದ್ದು ಇಷ್ಟೇ: ನನ್ನ ಹೆಂಡತಿ ಸಾವಿತ್ರಿ ಅದನ್ನು ನೋಡಿ, ಯಾರೂ ಹೇಳಿಕೊಡದೆ, "ಹೊಳೆ" ಅನ್ನಬೇಕು. ಅವಳು ಬಹಳ ಹೊತ್ತು ನೋಡಿ, "ಬದನೇಕಾಯಿ ಯಾಕ್ರೀ ಇಷ್ಟೊಂದು ಬರ್ದಿದ್ದೀರಿ?" ಎಂದಳು. ಅಂದು ನನಗೆ ಊಟ ಸೇರಲಿಲ್ಲ. ಬಡಿಸಿದ್ದೂ ಬದನೇಕಾಯಿ ಪಲ್ಯವನ್ನೇ.

ಮೇಷ್ಟರ ಹತ್ತಿರ ಗೋಳು ತೋಡಿಕೊಂಡೆ. ಸಾವಿತ್ರಿ ಎಷ್ಟು ದೂರದಿಂದ ನೋಡಿದಳೆಂದು ಅವರು ಕೇಳಿದರು. "ನಮ್ಮನೇಲಿ ಎಂಟಡಿ ಹಿಂದೆ ಹೋದ್ರೆ ಒಲೆ ಸಿಗುತ್ತೆ ಮೇಷ್ಟ್ರೇ" ಎಂದೆ.

"ಮೂವತ್ತಡಿ ಬೇಕಯ್ಯ. ಹತ್ತಿರದಿಂದ ಅದು ಬರೀ ಬಣ್ಣ."

ನಮ್ಮ ಕ್ವಾರ್ಟರ್ಸಿನಲ್ಲಿ ಮೂವತ್ತಡಿ ಎಂದರೆ ಬೀದಿ ದಾಟಿ ಎದುರುಮನೆಯ ಜಗಲಿ. ಸಂಜೆ ಬಿಸಿಲು ನೇರವಾಗಿ ಬೀಳುವಂತೆ, ಬಾಗಿಲಿಗೆ ಎದುರಾಗಿ ಚಿತ್ರವನ್ನು ತೂಗುಹಾಕಿದೆ. ಅಂದೇ ಎದುರುಮನೆಯ ಫಿಟ್ಟರ್ ಆರುಮುಗಂ ಕಾಫಿ ಕುಡಿಯುತ್ತ, "ಸಾರ್, ಹೊಳೆ ಚೆನ್ನಾಗಿದೆ. ಎಮ್ಮೆ ಕೂಡ ಇದೆ" ಎಂದು ಕೂಗಿ ಹೇಳಿದ. ಕಷ್ಟಪಟ್ಟವನು ನಾನು, ಹೊಳೆ ಸಿಕ್ಕಿದ್ದು ಅವನಿಗೆ. ನನ್ನ ಪಾಲಿಗೆ ಉಳಿದದ್ದು ಬಣ್ಣಕ್ಕೆ ಬೆರೆಸಿದ ಅಗಸೆ ಎಣ್ಣೆಯ ವಾಸನೆ.

ಕೊನೆಗೆ ಸಾವಿತ್ರಿಯನ್ನು ಕಾಡಿ ಬೇಡಿ ಆ ಜಗಲಿಗೆ ಕಳಿಸಿ, ನಾನು ಚಿತ್ರದ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತೆ. ಅವಳು ಕಣ್ಣು ಕಿರಿದು ಮಾಡಿದಳು. ಮದುವೆಯಾದ ಹೊಸದರಲ್ಲಿ ಕಂಡಿದ್ದ ನಗೆಯೊಂದು ಅವಳ ಮುಖದಲ್ಲಿ ಮೂಡಿತು.

"ಹೊಳೆ ಕಣ್ರೀ. ಚೆನ್ನಾಗಿ ಕಾಣ್ತಿದೆ" ಎಂದಳು. ನನ್ನ ಕಣ್ಣು ತುಂಬಿ ಬಂತು. ಅವಳ ಹತ್ತಿರ ಹೋಗಲು ಹೊಸ್ತಿಲು ದಾಟಿದೆ.

"ಬರ್ಬೇಡಿ, ಅಲ್ಲೇ ನಿಂತಿರಿ" ಎಂದಳು ಸಾವಿತ್ರಿ. "ಇಷ್ಟು ದೂರದಿಂದ ನೋಡಿದ್ರೆ ನೀವೂ ಪರವಾಗಿಲ್ಲ."