ಸುಮಿತ್ರಮ್ಮನ ಗಿಡಕ್ಕೆ ಚಳಿಗಾಲ

ಚೆನ್ನೈನಲ್ಲಿ ಚಳಿಗಾಲ ಅಂತ ಒಂದಿದೆ ಎಂದು ಅಂದಾನಿ ನಂಬಿದ್ದೇ ಎಲ್ಲ ಅನಾಹುತಕ್ಕೂ ಮೂಲ. ತಪ್ಪು ಪೂರ್ತಿ ಅವನದೂ ಅಲ್ಲ. ಮಾರ್ಗಳಿ ತಿಂಗಳು, ಅಂದರೆ ನಮ್ಮ ಧನುರ್ಮಾಸ, ಬಂತೆಂದರೆ ವೆಸ್ಟ್ ಮಾಂಬಲಂನ ಜನ ಹಾಲು ತರೋಕೂ ಹಿಮಾಲಯ ಹತ್ತುವವರ ಹಾಗೆ ಮಂಕಿ ಕ್ಯಾಪು, ಮಫ್ಲರು ಸುತ್ತಿಕೊಂಡು ಹೊರಡುತ್ತಾರೆ. ಮಂಡ್ಯದ ಕಡೆಯಿಂದ ಬಂದು ಅಂಬತ್ತೂರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದ ಅಂದಾನಿ ಅದನ್ನೆಲ್ಲ ನೋಡಿ, ಮನುಷ್ಯರಿಗೇ ಹೀಗಾದರೆ ಗಿಡದ ಗತಿ ಏನು ಎಂದುಕೊಂಡ.

ಗಿಡ ಅವನದಲ್ಲ, ಕೆಳಮನೆಯ ಓನರ್ ಸುಮಿತ್ರಮ್ಮನದು. ತೂಗು ದತ್ತೂರಿ. ಬದನೆ, ಟೊಮೆಟೊ ಕುಲದ್ದೇ ಆದರೂ ಬಾಯಿಗಿಟ್ಟರೆ ವಿಷ, ಕಣ್ಣಿಗೆ ಮಾತ್ರ ಹಬ್ಬ. ಹಳದಿ ತುತ್ತೂರಿಗಳನ್ನು ತಲೆಕೆಳಗಾಗಿ ನೇತುಹಾಕಿದಂಥ ಹೂವು. ಶಿವನಿಗೆ ಏರಿಸುವ ದತ್ತೂರಿ ಆಕಾಶ ನೋಡುತ್ತದೆ, ಇದು ನೆಲ ನೋಡುತ್ತದೆ. "ಬಗ್ಗಿದ್ರೆ ಎನ್ನಪ್ಪಾ? ಶಿವನಿಗೆ ತಿಳಿಯಲ್ವಾ?" ಎಂದು ಸುಮಿತ್ರಮ್ಮ ವರ್ಷಗಳಿಂದ ಅದನ್ನೇ ಪೂಜೆಗೆ ಇಡುತ್ತಿದ್ದರು. ಕುಂಡಕ್ಕೂ ಮೂರು ಪಟ್ಟೆ ವಿಭೂತಿ. ತಾತನ ಕಾಲದಿಂದ ಮದ್ರಾಸಿನಲ್ಲೇ ಬಟ್ಟೆ ವ್ಯಾಪಾರ ಮಾಡಿದ ಮನೆತನ, ಹಾಗಾಗಿ ಅವರ ಕನ್ನಡದಲ್ಲಿ ತಮಿಳೂ ಬಾಡಿಗೆಗಿತ್ತು.

ಕಾರ್ತೀಕ ಮುಗಿದದ್ದೇ ಅವರು ಕೊಯಮತ್ತೂರಿನ ಮಗಳ ಮನೆಗೆ ಹೊರಟರು. ಹೋಗುವಾಗ, "ಗಿಡ ನಿನ್ನ ಕೈಗೆ ಬಿಟ್ಟಿದೀನಿ ಪಾ. ಮನೆ ಬಾಡಿಗೆ ಅಗ್ರಿಮೆಂಟ್ ವಿಷಯ ನಾನು ಬಂದ್ಮೇಲೆ ನೋಡೋಣ," ಅಂದರು.

ಆ ಎರಡು ವಾಕ್ಯಗಳನ್ನು ಅಂದಾನಿ ಒಂದಾಗಿ ಹೊಲಿದುಕೊಂಡ. ಗಿಡ ಉಳಿದರೆ ಮನೆ. ಗಿಡ ಹೋದರೆ ಬೀದಿ.

ಹೆಂಡತಿ ತೇಜುಗೆ ದಿನ ತುಂಬುತ್ತಿತ್ತು. ಈ ಮನೆ ಸಿಗುವ ಮುಂಚೆ ಊರೆಲ್ಲ ಅಲೆದದ್ದನ್ನು ಅವನು ಇನ್ನೂ ಮರೆತಿರಲಿಲ್ಲ. ಎಲ್ಲರೂ ಮೊದಲು ಹೆಸರು ಕೇಳೋರು, ಆಮೇಲೆ ಊರು, ಆಮೇಲೆ ಮೂಗು ಸ್ವಲ್ಪ ಮೇಲೆತ್ತಿ ಅಡುಗೆಮನೇಲಿ ಏನು ಬೇಯತ್ತೆ ಅಂತ. ಗೋಡೆಗೆ ಮೊಳೆ ಹೊಡೀಬೇಡಿ, ನೆಂಟರನ್ನ ಕರೀಬೇಡಿ. ಉಸಿರಾಡಬಹುದು, ಆದರೆ ಮೆತ್ತಗೆ. ಸುಮಿತ್ರಮ್ಮ ಒಬ್ಬರೇ ಏನೂ ಕೇಳದೆ ಬೀಗದ ಕೈ ಕೊಟ್ಟವರು. ಅದಕ್ಕೇ ಅವನು ಗಿಡದ ವಿಷಯದಲ್ಲಿ ಅತಿ ಶ್ರದ್ಧೆ ತೋರಿಸಿದ. ಅದೇ ಕೆಟ್ಟದ್ದಾಯಿತು.

ಯಾವುದೋ ಹಿಮದ ದೇಶದ ಮುದುಕನೊಬ್ಬ ವಿಡಿಯೋದಲ್ಲಿ ಹೇಳಿದ: ಚಳಿ ಬಂದರೆ ಕೊಂಬೆ ಕತ್ತರಿಸಿ, ನೀರು ನಿಲ್ಲಿಸಿ, ಕತ್ತಲಲ್ಲಿಟ್ಟು ಮಲಗಿಸಿ. ಅಂದಾನಿ ಅಕ್ಷರಶಃ ಮಾಡಿದ. ಗೋಣಿಚೀಲ ಸುತ್ತಿ, ಸುತ್ತಲೂ ಒಣಹುಲ್ಲು ತುರುಕಿ, ಮೆಟ್ಟಿಲ ಕೆಳಗಿನ ಮೋಟಾರ್ ರೂಮಿನಲ್ಲಿ ಮಲಗಿಸಿದ.

ಒಂದು ದಿನ ಬೆಳಿಗ್ಗೆ ಸುಮಿತ್ರಮ್ಮನ ಫೋನು. "ಸಾಯಂಕಾಲ ಬರ್ತಿದೀನಿ ಪಾ. ಮಗಳೂ ಪಾಪೂನೂ ಕೂಡ, ಇನ್ಮೇಲೆ ಇಲ್ಲೇ ಇರ್ತಾರೆ. ಗಿಡ ಹೆಂಗಿದೆ?"

"ಮಲಗಿದೆ... ಅಲ್ಲ, ಚೆನ್ನಾಗಿದೆ ಅಮ್ಮ."

ಓಡಿ ನೋಡಿದರೆ ಗೋಣಿಯ ಮೇಲೆ ಕಪ್ಪು ಕಡ್ಡಿಗಳು ಮಾತ್ರ, ಸುಟ್ಟ ಕೊಡೆಯ ಹಾಗೆ.

"ಸತ್ತೋಯ್ತು ಕಣೇ," ಅಂದ.

"ನಿಮ್ ಫ್ಯಾಕ್ಟ್ರೀಲೂ ಮಿಷಿನ್ನ ಹಿಂಗೇ ಮಲಗುಸ್ತೀರಾ?" ಅಂದಳು ತೇಜು. ನಗಲಿಲ್ಲ. ಸೊಂಟ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು, "ಈಗ ಮನೆ ಖಾಲಿ ಮಾಡು ಅಂದ್ರೆ ನಾನ್ ಎಲ್ಲಿಗ್ ಹೋಗ್ಲಿ?" ಅಂದಳು.

ಅಷ್ಟರಲ್ಲಿ ಎದುರುಮನೆಯ ಚನ್ನವೀರಪ್ಪ ಹಾಜರು. ಧಾರವಾಡದವರು, ರಿಟೈರ್ಡ್, ಬೇರೆಯವರ ಕಷ್ಟದ ವಾಸನೆ ಕಾಫಿಗಿಂತ ಬೇಗ ಹಿಡಿಯುವ ಮೂಗು.

"ಏನಪಾ ಅಂದಾನಿ, ಇದು ಗಿಡಾನೋ, ಒಲೀಗೆ ಹಾಕೂ ಕಟ್ಟಿಗೀನೋ? ಶಿವನ ಗಿಡ ಕೊಂದಿಯಲ್ಲೋ ಮಾರಾಯ!"

"ಸರ್, ಮೆತ್ತಗೆ."

"ಹೆದರಬ್ಯಾಡ. ನುಂಗಂಬಾಕ್ಕಂನಾಗ ಒಂದ ನರ್ಸರಿ ಐತಿ. ಇಂಥಾದ್ದ ತಂದ ಇಟ್ಟಬಿಡೂಣು. ಹೆಣ ಒಳಗ ಇರಲಿ, ವಾರಸುದಾರ ಹೊರಗ ಇರಲಿ. ನಾನೂ ಬರತೀನಿ, ನಡಿ."

ಬೇಡ ಅನ್ನುವಷ್ಟರಲ್ಲಿ ಅವರು ಆಟೋದಲ್ಲಿದ್ದರು.

ಗಿಡ ಸಿಕ್ಕಿತು, ಅಷ್ಟೇ ಎತ್ತರ, ಮೈತುಂಬ ಹೂವು. ವಾಪಸು ಬರುವಾಗ ಆಟೋದಲ್ಲಿ ಗಿಡ ಕೂತಿತು, ಚನ್ನವೀರಪ್ಪ ಕೂತರು, ಅಂದಾನಿ ಉಳಿದ ಜಾಗದಲ್ಲಿ ಮಡಚಿಕೊಂಡ. ಸಿಗ್ನಲ್‌ನಲ್ಲಿ ನಿಂತಾಗ ಹೂವೆಲ್ಲ ಹೊರಗೆ ನೇತಾಡುತ್ತಿತ್ತು. ಅವತ್ತು ಪ್ರದೋಷ. ಬಿಲ್ವಪತ್ರೆಯ ಚೀಲ ಹಿಡಿದು ದೇವಸ್ಥಾನಕ್ಕೆ ಹೊರಟ ಅಮ್ಮನೊಬ್ಬಳು, "ಊಮತ್ತಂಪೂ! ಒಣ್ಣು ಕುಡು ಪಾ, ಸ್ವಾಮಿಕ್ಕು," ಎಂದು ತಮಿಳಿನಲ್ಲಿ ದೇವರಿಗೊಂದು ದತ್ತೂರಿ ಹೂವು ಕೇಳುತ್ತಲೇ ಕಿತ್ತುಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಸ್ಕೂಟರಿನವನೂ ಕೈಹಾಕಿದ.

"ಮುಟ್ಬೇಡಿ! ಇದು ದೇವ್ರಿಗಲ್ಲ, ಮನೆ ಓನರಿಗೆ!" ಎಂದು ಅಂದಾನಿ ಕಿರುಚಿದ. ಎರಡೂ ಒಂದೇ ಎನ್ನುವ ಹಾಗೆ ಚನ್ನವೀರಪ್ಪ ತಾವೇ ಕಿತ್ತು ಹಂಚುತ್ತಿದ್ದರು: "ತಗೋರಿ, ತಗೋರಿ, ಪುಣ್ಯ ಬರ್ತದ." ಹಸಿರು ದೀಪ ಬೀಳುವ ಹೊತ್ತಿಗೆ ತುದಿಯ ಕೆಲವೇ ಹೂವು ಉಳಿದಿದ್ದವು.

ಅಂಗಳದಲ್ಲಿ ಗಿಡ ಇಟ್ಟದ್ದಾಯಿತು. ಚನ್ನವೀರಪ್ಪ ಹೊಸ ಕುಂಡಕ್ಕೆ ವಿಭೂತಿ ಬಳಿದು, ಕಣ್ಣುಮುಚ್ಚಿ ಮಂತ್ರವನ್ನೂ ಹೇಳಿದರು.

"ಬರೀ ಪಟ್ಟೆ ಎಳೆದ್ರೆ ಸಾಕಲ್ವಾ ಸರ್?"

"ಬರೇ ಬಳದ್ರ ಅದು ಬಣ್ಣ ಆಗ್ತದ, ಹುಚ್ಚಪ್ಪಾ."

ಸಂಜೆಗೆ ಸುಮಿತ್ರಮ್ಮ ಟ್ಯಾಕ್ಸಿ ಇಳಿದರು. ಮಗಳ ಕಂಕುಳಲ್ಲಿ ಮಗು. ಗಿಡ ಕಂಡದ್ದೇ ಸುಮಿತ್ರಮ್ಮನ ಮುಖ ಆರಿದ ದೋಸೆಯ ಹಾಗೆ ಮಡಚಿಕೊಂಡಿತು.

"ಅಯ್ಯೋ ಕಡವುಳೇ, ದೇವರೇ. ಬದುಕಿಸಿಬಿಟ್ಟಿಯಾ?"

ಅಂದಾನಿಗೆ ಅರ್ಥವಾಗಲಿಲ್ಲ. ಮಗಳು ಬಾಗಿಲ ಹತ್ತಿರವೇ ನಿಂತಳು: "ಅಮ್ಮಾ, ಅದು ಇರೋ ತನಕ ನಾನು ಕೆಳಗೆ ಇರಲ್ಲ. ಪಾಪು ಅಂಬೆಗಾಲಿಡ್ತಾ ಕೈಗೆ ಸಿಕ್ಕಿದ್ದೆಲ್ಲ ಬಾಯಿಗಿಡತ್ತೆ."

ಸುಮಿತ್ರಮ್ಮ ಅವನನ್ನು ಪಕ್ಕಕ್ಕೆ ಕರೆದರು. "ಪೂಜೆ ಮಾಡಿದ ಗಿಡನ ಕೈಯಾರ ಕೀಳಬಾರದು, ದಾನಾನೂ ಕೊಡಬಾರದು ಅಂತ ನಮ್ಮತ್ತೆ ಕಟ್ಟುಮಾಡಿದ್ರು ಪಾ. ತಾನಾಗೇ ಒಣಗಿದ್ರೆ ದೋಷ ಇಲ್ಲ. ನೀನು ಇಟ್ಟ ತುಳಸಿ ಒಣಗಿತ್ತು, ಪುದೀನ ಒಣಗಿತ್ತು. ಅದಕ್ಕೇ ನಿನ್ನ ಕೈಗೆ ಕೊಟ್ಟು ಹೋದೆ. ಈಗ ನೋಡು, ಮಗಳಿಗೆ ಮೇಲಿನ ಮನೆ ಕೊಡಬೇಕಾಗತ್ತೆ. ಮೇಲಿರೋದು ನೀವು."

"ಟೆರೇಸ್ ಮೇಲೆ ಇಡ್ತೀನಿ ಅಮ್ಮ!"

"ಗಾಳಿಗೆ ಹೂವು ಅಂಗಳಕ್ಕೇ ಬೀಳತ್ತೆ."

ತನ್ನ ಕೈಯನ್ನು ನಂಬಿ ಒಬ್ಬರು ಏನನ್ನಾದರೂ ಕೊಟ್ಟರಲ್ಲ ಎಂದು ಅಂದಾನಿ ಅಷ್ಟು ದಿನ ಒಳಗೊಳಗೇ ಬೀಗಿದ್ದ. ನಂಬಿದ್ದೇನೋ ನಿಜ, ಕೊಲ್ಲುತ್ತಾನೆ ಅಂತ. ಸಿಟ್ಟು ಬಂತು. ಆದರೆ ಅದರ ಬೆನ್ನಿಗೇ ಸಂತೋಷ ನುಗ್ಗಿ ಬಂತು. ಕೊಂದಿದ್ದಾನಲ್ಲ!

"ಅಮ್ಮ, ಇದು ನಿಮ್ಮ ಗಿಡ ಅಲ್ಲ! ಕೊಂಡು ತಂದಿದ್ದು. ನಿಮ್ದನ್ನ ನಾನೇ ಸಾಯ್ಸಿದೀನಿ. ದೇವರಾಣೆ! ತೋರುಸ್ತೀನಿ ಬನ್ನಿ!"

ಮೊದಲ ಬಹುಮಾನ ಎತ್ತಿ ತೋರಿಸುವವನ ಹಾಗೆ ಹಳೆಯ ಕುಂಡವನ್ನು ಮೋಟಾರ್ ರೂಮಿನಿಂದ ಹೊರಗೆ ಎಳೆದು ತಂದ. "ನೋಡಿ!" ಎಂದು ಗೋಣಿಚೀಲ ಕಿತ್ತೆಸೆದ, ಒಣಹುಲ್ಲು ಝಾಡಿಸಿದ.

ಕಪ್ಪು ಕಡ್ಡಿಗಳ ಬುಡದಲ್ಲಿ, ಮಣ್ಣು ಸೀಳಿಕೊಂಡು, ಹೆಬ್ಬೆರಳು ದಪ್ಪದ ಎಳೆ ಚಿಗುರುಗಳು ಗುಂಪಾಗಿ ಎದ್ದಿದ್ದವು. ಹಿಮದ ದೇಶದ ಮುದುಕ ಸುಳ್ಳು ಹೇಳಿರಲಿಲ್ಲ.

ಸುಮಿತ್ರಮ್ಮ ಚಪ್ಪಲಿ ಬಿಟ್ಟು ಕೈಮುಗಿದರು. ಕಣ್ಣಲ್ಲಿ ನೀರು. "ಸತ್ತು ಹುಟ್ಟಿದೆ ಪಾ. ಪ್ರದೋಷದ ದಿನ. ಇನ್ಮೇಲೆ ಇದನ್ನ ಯಾರೂ ಮುಟ್ಟೋ ಹಾಗಿಲ್ಲ."

"ಇನ್ನೊಂದನ್ನಾದ್ರೂ ನರ್ಸರಿಗೆ ವಾಪಸ್ ಕೊಡ್ತೀನಿ," ಅಂದಾನಿ ತೊದಲಿದ.

"ಹೆಂಗ್ ಕೊಡ್ತೀಯೋ?" ಚನ್ನವೀರಪ್ಪ ಮುಂದೆ ಬಂದರು. "ಅದಕ್ಕೂ ಮಂತ್ರ ಹೇಳಿ ವಿಭೂತಿ ಹಚ್ಚೇನಿ, ಅದೂ ಪೂಜಿ ಗಿಡಾನ ಈಗ. ಒಟ್ಟಿನ ಮ್ಯಾಲ ನಿನ್ನ ಕೈಗುಣ ಭಾಳ ಛಲೋ ಐತಿ ಬಿಡಪಾ!"

ತೇಜು ಮೆಟ್ಟಿಲ ಮೇಲಿಂದ ಬಗ್ಗಿ ಕೇಳಿದಳು: "ಏನಂದ್ರು ರೀ? ಒಪ್ಕೊಂಡ್ರಾ?"

ಅಂದಾನಿ ತಲೆ ಎತ್ತದೆ ಹೇಳಿದ: "ಒಪ್ಕೊಂಡ್ರು ಕಣೇ. ಎರಡು ಗಿಡಕ್ಕೂ ಜಾಗ ಆಯ್ತು. ನಮಗೊಂದ್ ನೋಡ್ಬೇಕು."