ಮೂರು ಸಲ ಹೂಂ

ವಾರದ ರಜೆಯ ದಿನ ಪಂಡರಿಗೆ ಬೇಕಾದದ್ದು ನಿದ್ದೆ ಒಂದೇ. ಆರು ದಿನ ಹುಲಸೂರ ಬಸ್ಸಿನಲ್ಲಿ ಟಿಕೆಟ್ ಕೊಟ್ಟು, ಬಾಗಿಲಿಗೆ ಜೋತುಬಿದ್ದವರನ್ನು ಒಳಗೆ ನೂಕಿ, ಬೈದು, ಬೈಸಿಕೊಂಡು ಅವನ ಮೊಣಕಾಲುಗಳು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿದ್ದವು. ಏಳನೆಯ ದಿನ ಬಸವಕಲ್ಯಾಣಕ್ಕೆ ಬೆಂಕಿ ಬಿದ್ದರೂ ಎಬ್ಬಿಸಬಾರದು ಎಂದು ಮನೆಯಲ್ಲಿ ಹೇಳಿಟ್ಟಿದ್ದ. ಹೇಳಿಟ್ಟದ್ದನ್ನು ಯಾರು ಕೇಳುತ್ತಾರೆ?

ಬೆಳಿಗ್ಗೆ ಎಂಟೂಮುಕ್ಕಾಲಿಗೆ ಹೆಂಡತಿ ರಾಜೇಶ್ವರಿ ಇಳಕಲ್ ಸೀರೆ ಉಟ್ಟು ಹೊರಟು ನಿಂತಳು. ಹುಮನಾಬಾದಿನಲ್ಲಿ ಅವಳ ತಂಗಿ ತುಳಜಾಬಾಯಿಯ ಬಸುರಿ ಮಗಳಿಗೆ ಕುಬಸದ ಕಾರ್ಯ. ಮಲಗಿದ್ದ ಗಂಡನ ಎದೆಯ ಮೇಲೆ ತನ್ನ ಟ್ಯಾಬ್ ಇಟ್ಟಳು.

"ಇವತ್ತ ಊರಾಗ ಸಂತಿ ಅದ. ಬಂದ್ ಮಾಡಿದ್ರ ಕೆಡತದ. ಸಂಜಿತನಕ ಹಿಂಗ ತೆರೆದಿಡ್ರಿ. ಏನೂ ಒತ್ತಬ್ಯಾಡ್ರಿ."

"ಹೂಂ."

"ಅವ್ವ ಅದಾಳ ಅದರಾಗ."

"ಹೂಂ."

ಊರೆಂದರೆ ಟ್ಯಾಬಿನೊಳಗಿನ ಆಟದ ಊರು. ರಾಜೇಶ್ವರಿ ಬ್ಲೌಸ್ ಹೊಲಿಯುವವಳು. ಡಿಸೈನ್ ನೋಡಲೆಂದು ಟ್ಯಾಬ್ ಕೊಂಡು, ಮೂರು ವರ್ಷದ ಕೆಳಗೆ ಈ ಆಟ ಹಚ್ಚಿಕೊಂಡಿದ್ದಳು. ಅದರಲ್ಲಿ ಮನೆ, ಹೊಲ, ಅಂಗಡಿ, ಗುಡಿ, ಅರವತ್ತು ಜನ. ಆಡುವವರು ಒಂದು ಮನೆ ನಡೆಸಿದರೆ ಸಾಕು, ಉಳಿದ ಜನ ತಾವೇ ಎದ್ದು, ತಾವೇ ದುಡಿದು, ಮದುವೆಯಾಗಿ, ಹೆತ್ತು, ಮುದುಕರಾಗಿ ಸಾಯುತ್ತಾರೆ. ಯಾರಿಗೆ ವಯಸ್ಸಾಗಬೇಕು, ಯಾರಿಗೆ ಆಗಬಾರದು ಎಂಬುದಕ್ಕೆ ಒಂದು ಗುಂಡಿ. ಕಾಲ ಎಷ್ಟು ಜೋರಾಗಿ ಓಡಬೇಕು ಎಂಬುದಕ್ಕೆ ಇನ್ನೊಂದು. ರಾಜೇಶ್ವರಿ ಅವರಿಗೆಲ್ಲ ಓಣಿಯವರ ಹೆಸರನ್ನೇ ಇಟ್ಟಿದ್ದಳು.

ಎರಡು ವರ್ಷದ ಹಿಂದೆ ಚಿಟಗುಪ್ಪದಲ್ಲಿ ಅವಳ ತಾಯಿ ಚಂದಮ್ಮ ತೀರಿಕೊಂಡಳು. ಮಣ್ಣು ಮಾಡಿ ಬಂದ ಎಂಟನೆಯ ದಿನ ರಾಜೇಶ್ವರಿ ಆಟದ ಊರಿನಲ್ಲಿ ತಾಯಿಯಂಥದೇ ಗಿಣಿಮೂಗಿನ ಮುದುಕಿಯೊಬ್ಬಳನ್ನು ಹುಡುಕಿದಳು. ಅವಳಿಗೆ ಚಂದಮ್ಮ ಎಂದು ಹೆಸರಿಟ್ಟು, ಹಸಿರು ಸೀರೆ ಉಡಿಸಿ, ನಾಲ್ಕು ಆಡು ಕೊಟ್ಟು, ಗುಡಿಯ ಮುಂದಿನ ಬೇವಿನ ಕೆಳಗೆ ಕೂರಿಸಿ, ವಯಸ್ಸನ್ನು ಎಪ್ಪತ್ತಕ್ಕೆ ನಿಲ್ಲಿಸಿದಳು. ಅಂದಿನಿಂದ ದಿನವೂ ಚಹಾ ಕುಡಿಯುವ ಮೊದಲು ಅವ್ವನಿಗೆ ನಮಸ್ಕಾರ. ಅವ್ವ ಕೈ ಎತ್ತುತ್ತಾಳೆ. ಆಮೇಲೆ ಚಹಾ.

ಪಂಡರಿಗೂ ಅತ್ತೆಗೂ ಬದುಕಿದ್ದಾಗ ಮಾತೇ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಆಡಿನ ಮರಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವನ ಬಸ್ ಹತ್ತಿದ್ದಳು. ಅವನು ಮರಿಗೂ ಟಿಕೆಟ್ ಹರಿದಿದ್ದ. ಅಳಿಯ ಟಿಕೆಟ್ ಹರಿದನೆಂಬುದನ್ನು ಆಕೆ ಇಪ್ಪತ್ತು ವರ್ಷ ಮರೆಯಲಿಲ್ಲ. ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು.

ಬಾಗಿಲ ತನಕ ಹೋದ ರಾಜೇಶ್ವರಿ ಮತ್ತೆ ಒಳಗೆ ಬಂದಳು. ಟ್ಯಾಬ್ ಎತ್ತಿಕೊಂಡು ಬೆನ್ನು ತಿರುಗಿಸಿ ಸ್ವಲ್ಪ ಹೊತ್ತು ನಿಂತಳು. ತಿರುಗಿ ಅವನ ಎದೆಯ ಮೇಲಿಟ್ಟು ಹೊರಟುಹೋದಳು. ಒಂಬತ್ತು ಗಂಟೆಗೆ ಪಂಡರಿ ಗೊರಕೆ ಹೊಡೆಯುತ್ತಿದ್ದ.

ಹನ್ನೆರಡಕ್ಕೆ ಅವನನ್ನು ಎಬ್ಬಿಸಿದವಳು ಎದುರುಮನೆಯ ಶಕುಂತಲಾಬಾಯಿ. ಹೊಲಿಯಲು ಕೊಟ್ಟ ಬ್ಲೌಸ್ ಕೇಳಲು ಬಂದವಳು ಟ್ಯಾಬ್ ನೋಡಿ ಅಲ್ಲೇ ಕೂತಳು. ಈ ಓಣಿಯಲ್ಲಿ ಅರ್ಧ ಮದುವೆಗಳು ಅವಳು ಕೂಡಿಸಿದವು, ಉಳಿದರ್ಧ ಅವಳು ಮುರಿದವು.

"ಪಂಡರಿ, ಊರಾಗ ಇಷ್ಟ್ಯಾಕ ಗೋರಿ ಅವ?"

ಪಂಡರಿ ಕಣ್ಣುಜ್ಜಿ ನೋಡಿದ. ಗುಡಿಯ ಹಿಂದೆ ಸಾಲು ಸಾಲು ಕಲ್ಲು. ಬೇವಿನ ಕೆಳಗೆ ಯಾರೂ ಇರಲಿಲ್ಲ. ಮೂಲೆಯಲ್ಲಿ ಗಡಿಯಾರ ಗಿರಣಿಯ ಚಕ್ರದ ಹಾಗೆ ತಿರುಗುತ್ತಿತ್ತು. ಒಂದು ಕಲ್ಲಿನ ಮೇಲೆ ಬೆರಳಿಟ್ಟಾಗ ಬರಹ ಮೂಡಿತು: ಚಂದಮ್ಮ, ವಯಸ್ಸು ಎಂಬತ್ತೆಂಟು, ನಿದ್ದೆಯಲ್ಲಿ ಮರಣ.

ನಿದ್ದೆ ಮಾಡಿದವನು ತಾನು, ಸತ್ತವಳು ಆಕೆ. ತಾಯಿ ಸತ್ತಾಗ ರಾಜೇಶ್ವರಿ ಹತ್ತು ದಿನ ಅನ್ನ ಮುಟ್ಟಿರಲಿಲ್ಲ. ಈಗ ಆ ತಾಯಿಯನ್ನು ಗಂಡನೇ ಎರಡನೆಯ ಸಲ ಕೊಂದಿದ್ದಾನೆ, ಅದೂ ಗೊರಕೆ ಹೊಡೆಯುತ್ತ.

ಶಕುಂತಲಾಬಾಯಿ ಅಷ್ಟರಲ್ಲಿ ತನ್ನ ಕಲ್ಲನ್ನೂ ಗಂಡನ ಕಲ್ಲನ್ನೂ ಹುಡುಕಿ, ಎದುರಿನ ಕಿರಾಣಿ ಅಂಗಡಿಯಿಂದ ಗಂಡ ಬಸವಣಪ್ಪನನ್ನು ಕೂಗಿ ಕರೆದಳು. ಅವನು ಪಕ್ಕದ ಮೊಬೈಲ್ ರಿಪೇರಿಯ ಅಬ್ದುಲ್ ರಜಾಕನನ್ನೂ ಎಳೆದುಕೊಂಡು ಬಂದ. ಬಸವಣಪ್ಪ ತನ್ನ ಗೋರಿಯನ್ನು ಬಹಳ ಹೊತ್ತು ನೋಡಿದ.

"ನಾ ಸತ್ತಮ್ಯಾಲೆ ಅಂಗಡಿ ಯಾರು ನೋಡಾಕತ್ಯಾರ?"

"ಬಂದ್ ಅದ ಕಾಕಾ," ಎಂದ ರಜಾಕ್.

ಬಸವಣಪ್ಪ ಗೋಡೆಗೆ ಒರಗಿ ಕೂತ. ಸತ್ತದ್ದಕ್ಕಿಂತ ಅಂಗಡಿ ಮುಚ್ಚಿದ್ದೇ ಅವನಿಗೆ ಹೆಚ್ಚು ತಟ್ಟಿತು.

ರಜಾಕ್ ಗಡಿಯಾರ ನಿಲ್ಲಿಸಿ ಲೆಕ್ಕ ಹೇಳಿದ. ಜೋರು ಓಟದಲ್ಲಿ ಎರಡು ನಿಮಿಷಕ್ಕೆ ಒಂದು ವರ್ಷ. ಮೂರು ತಾಸಿನಲ್ಲಿ ತೊಂಬತ್ತು ವರ್ಷ ಕಳೆದಿದೆ. ಅರವತ್ತು ಜನರಲ್ಲಿ ಉಳಿದವರು ಏಳು. ಆದರೆ ಅವನಿಗೆ ಒಂದು ಅನುಮಾನ ಕಾಡುತ್ತಿತ್ತು.

"ಪಂಡರಿ ಭಾಯ್, ನಿಲ್ಲಿಸಿದ ವಯಸ್ಸು ಬಿಡಬೇಕಂದ್ರ ಇದು 'ಖರೇನ?' ಅಂತ ಮೂರು ಸಲ ಕೇಳತದ. ಮೂರು ಸಲ ಹೂಂ ಒತ್ತಬೇಕು. ನಿದ್ದ್ಯಾಗ ಹ್ಯಾಂಗ ಒತ್ತಿದಿ?"

"ಇಂವಾ ನಿದ್ದ್ಯಾಗ ಮೂವತ್ತು ಸಲ ಹೂಂ ಅಂತಾನ," ಎಂದಳು ಶಕುಂತಲಾಬಾಯಿ. "ರಾಜೇಶ್ವರೀನ ಹೇಳ್ಯಾಳ."

ಪಂಡರಿ ತಲೆ ತಗ್ಗಿಸಿದ. ಮಾತು ಸುಳ್ಳಲ್ಲ. ಹೊಲಿಗೆ ಯಂತ್ರ, ತಂಗಿಯ ಮದುವೆಗೆ ಫ್ರಿಜ್, ಅತ್ತೆ ಬಂದು ಎಂಟು ತಿಂಗಳು ಇದ್ದದ್ದು, ಎಲ್ಲವೂ ಅವನು ನಿದ್ದೆಯಲ್ಲಿ ಒಪ್ಪಿಕೊಂಡವೇ.

ಮುಂದಿನ ದಾರಿಯನ್ನೂ ರಜಾಕನೇ ಹೇಳಿದ. ಸತ್ತವರು ತಿರುಗಿ ಬರುವುದಿಲ್ಲ. ಇದ್ದವರ ಹೆಸರು, ಬಟ್ಟೆ ಬದಲಿಸಬಹುದು, ಮುಖ ಬದಲಿಸಲಾಗದು. ಹೊಸ ಮುಖ ಬೇಕಾದರೆ ಹುಟ್ಟಿಯೇ ಬರಬೇಕು. ಉಳಿದ ಏಳು ಜನರೂ ಚಂದಮ್ಮನ ವಂಶದವರೇ. ಆದರೆ ಗಿಣಿಮೂಗು ಉಳಿದದ್ದು ಧರ್ಮೇಂದ್ರ ಎಂಬ ಹುಡುಗನೊಬ್ಬನಿಗೆ. ಅವನಿಗೆ ಮದುವೆ ಮಾಡಿ, ಹೆಣ್ಣು ಹುಟ್ಟಿಸಿ, ಅವಳನ್ನು ಎಪ್ಪತ್ತರ ತನಕ ಬೆಳೆಸಿ, ಹಸಿರು ಸೀರೆ ಉಡಿಸಿ ಕೂರಿಸಬೇಕು. ರಾಜೇಶ್ವರಿಯ ಬಸ್ ಬರುವುದು ನಾಲ್ಕೂವರೆಗೆ.

ಮದುವೆ ಎಂದದ್ದೇ ತಡ, ಶಕುಂತಲಾಬಾಯಿ ಟ್ಯಾಬನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಉಳಿದವರಲ್ಲಿ ಪೂನಂ ಎಂಬ ಹುಡುಗಿ ಇದ್ದಳು, ಧರ್ಮೇಂದ್ರನ ಸೋದರಮಾವನ ಮಗಳು. ಇದಕ್ಕಿಂತ ಒಳ್ಳೆಯ ಸಂಬಂಧ ಎಲ್ಲಿ ಸಿಗುತ್ತದೆ? ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಮದುವೆಯ ಗುಂಡಿ ಒತ್ತಿದಳು. 'ಹತ್ತಿರದ ರಕ್ತಸಂಬಂಧ. ಮದುವೆ ಸಾಧ್ಯವಿಲ್ಲ' ಎಂದಿತು ಆಟ. ಮತ್ತೆ ಒತ್ತಿದಳು. ಮತ್ತೆ ಅದೇ.

"ಯಾಕ ಸಾಧ್ಯ ಇಲ್ಲ? ನಾ ನನ್ನ ಸೋದರಮಾವನ್ನ ಮಾಡಿಕೊಂಡೀನಿ. ನಲವತ್ತು ವರ್ಷ ಆತು. ಏನಾಗ್ಯಾದ ನಮಗ?"

ಸೋದರಮಾವ ಬಸವಣಪ್ಪ ಕಿಟಕಿಯಿಂದ ತನ್ನ ಅಂಗಡಿಯ ಕಡೆ ನೋಡಿದ.

ಈ ಆಟ ಮಾಡಿದವರಿಗೆ ಅತ್ತೆ-ಮಾವ ಎಂಬುದೇ ಗೊತ್ತಿಲ್ಲ ಎಂದು ಅವಳು ಹತ್ತು ನಿಮಿಷ ಬೈದಳು. ಊರು ಖಾಲಿಯಾದದ್ದೂ ಇದಕ್ಕೇ. ಮೂರನೆಯ ತಲೆಗೆ ಊರೆಲ್ಲ ಒಂದೇ ಬಳಗವಾಗಿ, ಯಾರಿಗೂ ಯಾರೂ ಆಗದೆ, ಇದ್ದವರೆಲ್ಲ ಒಂಟಿಯಾಗಿ ಮುದುಕರಾಗಿ ಸತ್ತಿದ್ದರು. ಹೊರಗಿನ ಹೆಣ್ಣು ಬೇಕಾದರೆ ಖಾಲಿ ಮನೆಯೊಂದನ್ನು ಗುಡಿಸಿ, ಸುಣ್ಣ ಬಳಿದು, ಊರ ಬಸ್ಸಿಗೆ ಕಾಯಬೇಕು. ದಿನಕ್ಕೆ ಒಂದು ಬಸ್, ಬಸ್ಸಿಗೆ ಒಬ್ಬರು. ಪಂಡರಿ ಗಡಿಯಾರವನ್ನು ಮೆಲ್ಲಗೆ ಬಿಟ್ಟು, ಸುಣ್ಣ ಬಳಿದು ಕಾದ. ರಜೆಯ ದಿನವೂ ಅವನ ಹಣೆಗೆ ಬಸ್ಸೇ ಬರೆದಿತ್ತು. ಮೊದಲ ಬಸ್ಸಿನಲ್ಲಿ ಒಬ್ಬ ಪೈಲ್ವಾನ, ಎರಡನೆಯದರಲ್ಲಿ ಒಬ್ಬ ಮೇಷ್ಟ್ರು, ಮೂರನೆಯದು ಖಾಲಿ. ಊಟ ಇಲ್ಲ, ಚಹಾ ಇಲ್ಲ. ಎರಡು ಗಂಟೆ ದಾಟಿದ ಮೇಲೆ ಮನೀಷಾ ಎಂಬ ಹುಡುಗಿ ಇಳಿದಳು. ಹವ್ಯಾಸ: ಮೀನು ಹಿಡಿಯುವುದು.

"ಯಾವ ಊರಂತ? ಮನಿತನ ಯಾವುದಂತ?" ಎಂದಳು ಶಕುಂತಲಾಬಾಯಿ.

"ಅಕ್ಕಾವ್ರ, ಕೈ ಮುಗೀತೀನಿ," ಎಂದ ಪಂಡರಿ.

ಮದುವೆಯಾಯಿತು. ಗಡಿಯಾರ ತುಸು ಜೋರು ಮಾಡಿದರು. ಮೊದಲ ಮಗು ಗಂಡು, ಮೂಗು ಬರಾಬರಿ ಗಿಣಿಯದೇ. ಎರಡನೆಯದು ಹೆಣ್ಣು, ಮೂಗು ತಾಯಿಯದು. ಎರಡೂವರೆಗೆ ಮೂರನೆಯದು ಹುಟ್ಟಿತು: ಹೆಣ್ಣು, ಗಿಣಿಮೂಗು. ನಾಲ್ವರೂ ಒಟ್ಟಿಗೆ ಉಸಿರು ಬಿಟ್ಟರು. ಚಂದಮ್ಮ ಎಂದು ಹೆಸರು ಬರೆದರು. ಸ್ವಭಾವ ಆರಿಸಿ ಎಂದು ಆಟ ಕೇಳಿದಾಗ ಪಂಡರಿಯ ಬೆರಳು ಆಸೆಯಿಂದ 'ಶಾಂತ' ಎಂಬುದರ ಕಡೆಗೆ ಹೋಯಿತು.

"ಚಂದಮ್ಮ ಶಾಂತ ಇದ್ರ ರಾಜೇಶ್ವರಿ ಒಂದು ನೋಟಕ್ಕ ಹಿಡೀತಾಳ," ಎಂದಳು ಶಕುಂತಲಾಬಾಯಿ.

ಪಂಡರಿ ತನ್ನ ಕೈಯಾರೆ 'ಸಿಡುಕು' ಒತ್ತಿದ.

ರಜಾಕ್ ಊರಿನ ಬಾಗಿಲನ್ನು ಹೊರಗಿನವರಿಗೆ ತೆರೆದಿಟ್ಟು ಗಡಿಯಾರ ಓಡಿಸಿದ. ಎಪ್ಪತ್ತು ವರ್ಷಕ್ಕೆ ನೂರನಲವತ್ತು ನಿಮಿಷ. ಇನ್ನು ಕಾಯುವುದಷ್ಟೇ. ಬಸವಣಪ್ಪ ಒಂದು ಹೊಸ ಕೂಸಿಗೆ ತನ್ನ ಹೆಸರಿಟ್ಟು, ಅದು ಅಂಗಡಿ ತೆರೆಯುವ ವಯಸ್ಸಿಗೆ ಬರಲೆಂದು ಕಾಯುತ್ತ ಕೂತ. ಪಂಡರಿ ರೆಪ್ಪೆ ಮುಚ್ಚದೆ ಚಂದಮ್ಮನನ್ನು ನೋಡಿದ. ಅಂಬೆಗಾಲಿಟ್ಟಳು, ಎದ್ದು ನಿಂತಳು. ಐದನೆಯ ವಯಸ್ಸಿಗೆ ಆಡಿನ ಮರಿಯ ಹಿಂದೆ ಓಡಿ ಕಟ್ಟೆಯ ಮೇಲಿಂದ ಬಿದ್ದಳು.

"ಏ ತಂಗಿ, ಹುಷಾರ್," ಎಂದುಬಿಟ್ಟ ಪಂಡರಿ.

ಉಳಿದವರು ನಗಲಿಲ್ಲ. ಅವರೂ ಮುಂದಕ್ಕೆ ಬಾಗಿದ್ದರು.

ನಾಲ್ಕಕ್ಕೆ ಚಂದಮ್ಮನಿಗೆ ನಲವತ್ತೈದು. ತಲೆ ಇನ್ನೂ ಕಾಡಿಗೆಯಷ್ಟು ಕಪ್ಪು. ಎಷ್ಟು ಸಲ ಕೂಡಿಸಿ ಕಳೆದರೂ ಇಪ್ಪತ್ತು ನಿಮಿಷ ಕಡಿಮೆ ಬೀಳುತ್ತಿತ್ತು. ಹುಮನಾಬಾದಿನಿಂದ ಬರುವ ಬಸ್ಸಿನ ಕಂಡಕ್ಟರ್ ದತ್ತಾತ್ರಿ ಇವನ ಜೊತೆಗಾರ. ಪಂಡರಿ ಫೋನ್ ಹಚ್ಚಿದ.

"ದತ್ತಾತ್ರಿ, ಸಸ್ತಾಪುರ ಬಂಗ್ಲಾ ಸ್ಟಾಪಿನಾಗ ಅರ್ಧ ತಾಸು ಚಾ ಕುಡಿ."

"ಯಾಕ?"

"ನಮ್ಮ ಅತ್ತಿ ವಯಸ್ಸು ಇನ್ನಾ ನಲವತ್ತೈದು. ಎಪ್ಪತ್ತು ಆಗಬೇಕು."

ಆ ಕಡೆ ದತ್ತಾತ್ರಿ ಸೀಟಿ ಊದಿ, ರೈಟ್ ಹೇಳಿ, ಮತ್ತೆ ಫೋನಿಗೆ ಬಂದ.

"ನಿಮ್ಮ ಅತ್ತಿ ಸತ್ತು ಎರಡು ವರ್ಷ ಆತಲ್ಲೋ. ಮಣ್ಣಿಗಿ ನಾನೂ ಬಂದಿದ್ನಿ."

"ಅದು ಬ್ಯಾರೆ. ನೀ ಚಾ ಕುಡಿ."

"ನಾಳಿ ನಂದೂ ಡ್ಯೂಟಿ ನೀ ಮಾಡತೀದಿ?"

"ಹೂಂ," ಎಂದ ಪಂಡರಿ. ಈ ಸಲ ಎಚ್ಚರವಾಗಿಯೇ.

ನಾಲ್ಕು ಐವತ್ತಕ್ಕೆ ಚಂದಮ್ಮನಿಗೆ ಎಪ್ಪತ್ತು ತುಂಬಿತು. ರಜಾಕ್ ಆ ಕ್ಷಣಕ್ಕೇ ಗಡಿಯಾರ ಹಿಡಿದು ಅವಳ ವಯಸ್ಸು ನಿಲ್ಲಿಸಿದ. ಹಸಿರು ಸೀರೆ, ನಾಲ್ಕು ಆಡು, ಬೇವಿನ ಕೆಳಗೆ ಅದೇ ಜಾಗ. ಊರಿನಲ್ಲಿ ಮತ್ತೆ ಅರವತ್ತು ಜನ. ಕಿರಾಣಿ ಅಂಗಡಿಯೂ ತೆರೆದಿತ್ತು. ಬಸವಣಪ್ಪನ ಕಣ್ಣಲ್ಲಿ ನೀರು ಬಂತು.

ಐದಕ್ಕೆ ರಾಜೇಶ್ವರಿ ಬಂದಳು. ಓಣಿಯವರು ಮೂವರೂ ಮನೆಯೊಳಗೆ ಕೂತದ್ದನ್ನು ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮುಖ ಬಾಡಿತ್ತು. ಟ್ಯಾಬಿನ ಕಡೆ ನೋಡದೆ ಕೇಳಿದಳು.

"ಹೋದಳೇನ್ರಿ ಅವ್ವ?"

"ಎಲ್ಲಿ ಹೋಗತಾಳ? ನೀ ಬಿಟ್ಟು ಹೋದಂಗ ಕುಂತಾಳ ನೋಡು," ಎಂದ ಪಂಡರಿ ಎದೆಯುಬ್ಬಿಸಿ.

ರಾಜೇಶ್ವರಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಟ್ಯಾಬ್ ಪಕ್ಕಕ್ಕಿಟ್ಟು ಹೊಸ್ತಿಲ ಮೇಲೆ ಕೂತಳು.

"ಅವ್ವನ ವಯಸ್ಸು ಬಿಟ್ಟು ಗಡಿಯಾರ ಓಡಿಸಿ ಹೋದಾಕಿ ನಾನ ರಿ. ಖರೇನ ಅಂತ ಮೂರು ಸಲ ಕೇಳ್ತು, ಮೂರು ಸಲಾನೂ ಹೂಂ ಒತ್ತಿನಿ. ಮಣ್ಣು ಕೊಟ್ಟು ಎರಡು ವರ್ಷ ಆತು. ದಿನಾ ಮುಂಜಾನಿ ಅಕಿನ್ನ ಎಬ್ಬಿಸಿ ಎಬ್ಬಿಸಿ ನನಗ ಸಾಕಾಗ್ಯಾದ. ನನ್ನ ಕಣ್ಣ ಮುಂದ ಬ್ಯಾಡ ಅಂತ ನಿಮ್ಮ ಎದಿ ಮ್ಯಾಲಿಟ್ಟು ಹೋದೆ. ನೀವು ಮಲಗತೀರಿ ಅಂತ ಗೊತ್ತಿತ್ತು."

ಶಕುಂತಲಾಬಾಯಿಗೆ ಬ್ಲೌಸಿನ ನೆನಪಾಯಿತು. ಗಂಡನನ್ನು ಎಬ್ಬಿಸಿಕೊಂಡು, ಬ್ಲೌಸ್ ಕೇಳದೆಯೇ ಹೊರಟಳು. ಅವರ ಹಿಂದೆ ರಜಾಕನೂ ಜಾರಿಕೊಂಡ.

"ಇಪ್ಪತ್ತೆರಡು ವರ್ಷದಾಗ ರಜಾದಾಗ ನೀವು ಮಧ್ಯಾಹ್ನ ಎಚ್ಚರ ಇದ್ದದ್ದು ಇದೊಂದ ದಿನ," ಎಂದಳು ರಾಜೇಶ್ವರಿ.

"ಆತಲ್ಲ, ಈಗ ನಾನ ಒತ್ತತೀನಿ ಬಿಡು," ಎಂದು ಪಂಡರಿ ಟ್ಯಾಬ್ ತೆಗೆದುಕೊಂಡ. ಅದರಲ್ಲೇನಿದೆ? ವಯಸ್ಸು ಬಿಟ್ಟು ಗಡಿಯಾರ ಓಡಿಸಬೇಕು, ಅಷ್ಟೇ. ಖರೇನ ಎಂದು ಕೇಳಿತು. ಹೂಂ ಒತ್ತಿದ. ಖರೇನ? ಹೂಂ. ಮೂರನೆಯ ಸಲ ಕೇಳಿದಾಗ ಬೇವಿನ ಕೆಳಗಿನ ಮುದುಕಿ ಆಡಿನ ಮರಿಯ ಬೆನ್ನು ಸವರುತ್ತಿದ್ದಳು. ಕಟ್ಟೆಯ ಮೇಲಿಂದ ಬಿದ್ದದ್ದು ಅವಳೇ, ಈ ಮಧ್ಯಾಹ್ನ, ಅವನ ಕಣ್ಣೆದುರಿಗೆ. ಬೆರಳು ಗಾಳಿಯಲ್ಲೇ ನಿಂತಿತು. ಒತ್ತು, ಕತ್ತೆ, ಎಂದು ತನ್ನನ್ನು ತಾನೇ ಬೈದುಕೊಂಡ. ಆಗಲಿಲ್ಲ. 'ಬೇಡ' ಎಂಬುದನ್ನು ಒತ್ತಿ ಟ್ಯಾಬ್ ಕೆಳಗಿಟ್ಟ.

ರಾಜೇಶ್ವರಿ ಗಂಡನ ಮುಖ ನೋಡಿದಳು. ಎದ್ದು ಸೆರಗು ಸಿಕ್ಕಿಸಿಕೊಂಡು ಒಲೆಯ ಕಡೆಗೆ ಹೊರಟಳು.

"ಹಂಗಾದ್ರ ನೀವ ನೋಡಿಕೊಳ್ರಿ. ಹುಟ್ಟಿಸಿದವರು ನೀವು. ಮುಂಜಾನಿ ಚಾ ಕುಡಿಯೂಕಿಂತ ಮೊದಲ ನಮಸ್ಕಾರ ಹೇಳಬೇಕು. ತಪ್ಪಿಸಬ್ಯಾಡ್ರಿ, ಅಕಿಗಿ ಸಿಟ್ಟು ಜಾಸ್ತಿ."

ಮರುದಿನ ಪಂಡರಿಗೆ ತನ್ನ ಡ್ಯೂಟಿ, ಅದರ ಮೇಲೆ ದತ್ತಾತ್ರಿಯ ಡ್ಯೂಟಿ. ಬೆಳಗಿನ ಮೊದಲ ಬಸ್ ಹುಲಸೂರ ಮುಟ್ಟಿ ನಿಂತಾಗ ಡ್ರೈವರ್ ಚಹಾಕ್ಕೆ ಕರೆದ. ಪಂಡರಿ ಮೊದಲು ಟಿಕೆಟ್ ಚೀಲದಿಂದ ಟ್ಯಾಬ್ ತೆಗೆದು, ಯಾರೂ ನೋಡದ ಹಾಗೆ ಬಸ್ಸಿನ ಹಿಂದೆ ನಿಂತು ನಮಸ್ಕಾರ ಒತ್ತಿದ. ಚಂದಮ್ಮ ಕತ್ತೆತ್ತಿ ಅವನನ್ನು ನೋಡಿದಳು. ಪಕ್ಕದ ಮರಿಯನ್ನು ಸೆರಗಿನೊಳಗೆ ಎಳೆದುಕೊಂಡು ಮುಖ ತಿರುಗಿಸಿದಳು.