ಮಾಲಕಿಯ ಹೆಬ್ಬೆರಳು

ಇರುವ ಮನೆಯಲ್ಲಿ ನೆಮ್ಮದಿಯಾಗಿರುವವರು ಎರಡನೆಯ ಮನೆ ಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯ ನನಗೆ ಬಂದದ್ದು ಮಾತ್ರ ಕೊಂಡ ಮೇಲೆ. ನೌಪಾಡಾದಲ್ಲಿ ನಾವು ವಾಸವಿರುವ ಮನೆ ನಮ್ಮ ಯಜಮಾನರ ಹೆಸರಿನಲ್ಲಿದೆ. ಬಾಡಿಗೆಗೆ ಕೊಡಲೆಂದು ಸಾಲ ಮಾಡಿ ಡೊಂಬಿವಲಿಯಲ್ಲಿ ಕೊಂಡ ಪುಟ್ಟ ಫ್ಲ್ಯಾಟು ನನ್ನ ಹೆಸರಿನಲ್ಲಿ. ಇದರಲ್ಲಿ ಪ್ರೀತಿಯ ಪಾಲೆಷ್ಟೋ ಕಾಣೆ. ಹೆಂಗಸರ ಹೆಸರಿಗೆ ನೋಂದಣಿ ಮಾಡಿಸಿದರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಕೊಂಚ ರಿಯಾಯಿತಿಯಂತೂ ಇದೆ.

ಅಂದಿನಿಂದ ನನಗೆ ಒಂದೇ ಚಿಂತೆ. ಮಾಲಕಿಯೆಂದ ಮೇಲೆ ತೆರಿಗೆಯವರು ನನ್ನನ್ನೇ ತಾನೇ ಹಿಡಿಯುವುದು? ನಮ್ಮ ಸಿ.ಎ. ಧಾರವಾಡದ ಕಡೆಯವರು, ಅವರನ್ನೇ ಕೇಳಿದೆ. "ಏನೂ ಅಂಜಬ್ಯಾಡ್ರಿ ಅಕ್ಕಾರ. ರೊಕ್ಕ ಹಾಕಿದವರು ಯಜಮಾನ್ರು. ಬಾಡಿಗಿ ನಿಮ್ಮ ಖಾತೇಕ ಬಂದ್ರೂ ಟ್ಯಾಕ್ಸಿನವರು ಅದನ್ನ ಅವರ ಆದಾಯ ಅಂತನ ಹಿಡೀತಾರ" ಎಂದರು. "ಹಾಗಾದರೆ ನನ್ನದು ಅಂತ ಏನು?" ಎಂದೆ. "ನಳ ಸೋರಿದ್ರ ಫೋನ್ ನಿಮಗ ಬರ್ತದರೀ."

ಬಾಡಿಗೆಗೆ ಬಂದವರು ಹೊಸದಾಗಿ ಮದುವೆಯಾದ ಜೋಡಿ. ಹುಡುಗಿ ನಮ್ಮ ಬಾಗಿಲಲ್ಲಿ ಚಪ್ಪಲಿಯನ್ನು ಗೋಡೆಗೆ ನೇರವಾಗಿ ಜೋಡಿಸಿಟ್ಟಳು. ಅಷ್ಟಕ್ಕೇ ನಾನು ಒಪ್ಪಿಬಿಟ್ಟೆ. ಆಮೇಲೆ ಶುರುವಾಯಿತು ಭಯ: ಇವರು ಮುಂದೆ ಮನೆ ಬಿಡದಿದ್ದರೆ? ಹನ್ನೊಂದು ತಿಂಗಳ ಕರಾರು ನೋಂದಣಿಯಾಗದೆ ಬೀಗದ ಕೈ ಕೊಡಲೇಬೇಡಿ ಎಂದ ಏಜೆಂಟ್, ಲ್ಯಾಪ್‌ಟಾಪನ್ನೂ ಬೆರಳೊತ್ತುವ ಯಂತ್ರವನ್ನೂ ಮನೆಗೇ ತಂದ.

ಕಾನ್ವೆಂಟಿನ ಸಿಸ್ಟರ್ ತಿದ್ದಿಸಿದ, ಬಳ್ಳಿಯಂತೆ ಹಬ್ಬುವ ನನ್ನ ಸಹಿ ಅಲ್ಲಿ ಯಾರಿಗೂ ಬೇಡ. ಹೆಬ್ಬೆರಳು ಬೇಕು. ಹುಡುಗ ಒತ್ತಿದ, ಹಸಿರು ದೀಪ. ಹುಡುಗಿಗೂ ಹಸಿರು. ನಾನು ಒತ್ತಿದೆ, ಕೆಂಪು. ಮತ್ತೆ ಒತ್ತಿದೆ, ಮತ್ತೂ ಕೆಂಪು.

"ಆಂಟೀ, ಬರ್ತನ್ ಖುದ್ ಮಾಂಜ್ತೇ ಹೋ ಕ್ಯಾ?" ಎಂದ ಏಜೆಂಟ್.

ನಾನಲ್ಲದೆ ಇನ್ಯಾರು ಪಾತ್ರೆ ತಿಕ್ಕುತ್ತಾರೆ? ತಿಕ್ಕಿ ತಿಕ್ಕಿ ಬೆರಳಿನ ಗೆರೆಗಳೇ ಸವೆದಿವೆಯಂತೆ. ಶನಿವಾರ ಮತ್ತೆ ಬರುತ್ತೇನೆ, ಅಲ್ಲಿಯತನಕ ಕೈಗೆ ಸೋಪು ತಾಗಿಸಬೇಡಿ, ಎಣ್ಣೆ ಹಚ್ಚಿ ಎಂದ. ಆ ಜೋಡಿಗೋ ಭಾನುವಾರ ಹಳೆಯ ಮನೆ ಬಿಡಲೇಬೇಕು. ನಮ್ಮದಾಗದಿದ್ದರೆ ಕಲ್ಯಾಣದಲ್ಲಿ ಇನ್ನೊಂದು ಫ್ಲ್ಯಾಟು ನೋಡಿಟ್ಟಿದ್ದಾರೆ. ಬಾಡಿಗೆ ತಪ್ಪಿದರೆ ಸಾಲದ ಕಂತಿಗೆ ಏನು ಮಾಡುವುದು?

"ಎಂತ ಮಾರಾಯ್ತಿ ಇದು! ರಿಯಾಯಿತಿ ಸಿಕ್ಕಿತು ಅಂತ ನಿನ್ನ ಹೆಸರಿಗೆ ಮಾಡಿದ್ರೆ ಈಗ ಪಾತ್ರೆ ತೊಳೀಲಿಕ್ಕೆ ನಾನಾ?" ಎಂದರು ಯಜಮಾನರು.

"ಬೇಡ ಬಿಡಿ. ಕಂತು ನಿಮ್ಮ ಸಂಬಳದಿಂದಲೇ ಹೋಗಲಿ" ಎಂದೆ, ಮೆತ್ತಗೆ. ಅವರು ಅಂಗಿಯ ತೋಳು ಮಡಚಿದರು.

ಎಣ್ಣೆ ಸವರಿದ ಹೆಬ್ಬೆರಳನ್ನು ಮೇಲೆತ್ತಿಕೊಂಡು ನಾನು ಸೋಫಾದಲ್ಲಿ ಕುಳಿತೆ. ವರ್ಷಗಟ್ಟಲೆ ಎಣ್ಣೆ ಕುಡಿಸಿ ಹದ ಮಾಡಿದ ನನ್ನ ದೋಸೆ ಕಾವಲಿಗೆ ಅವರು ಸೋಪು ಹಾಕಿ ಪರಪರ ತಿಕ್ಕುತ್ತಿರುವುದು ಕಾಣಿಸಿತು. ತಡೆಯಲು ಹೊರಟವಳು ಹೆಬ್ಬೆರಳಿಗೆ ಇನ್ನೊಂದು ತೊಟ್ಟು ಎಣ್ಣೆ ಹಚ್ಚಿಕೊಂಡೆ. ಮರುದಿನ ದೋಸೆಯೆಲ್ಲ ಕಾವಲಿಗೇ ಕಚ್ಚಿಕೊಂಡಿತು. ಇಬ್ಬರೂ ಕೆರೆದು ತಿಂದೆವು. ಆದರೆ ಲೋಟ ತೊಳೆಯುವ ಯೋಚನೆಯಿಲ್ಲದೆ ಕುಡಿದ ಚಹಾ ಎಷ್ಟು ರುಚಿ ಅಂತೀರಿ!

ಶನಿವಾರ ಎಲ್ಲರೂ ಬಂದರು. ಹೆದರಿಕೆಗೆ ನನ್ನ ಬೆರಳು ಬೆವರಿತ್ತು. ಒತ್ತಿದೆ, ಕೆಂಪು. ಯಜಮಾನರು ಸೋಪಿಗೆ ಒಡೆದ ತಮ್ಮ ಕೈಗಳನ್ನೇ ನೋಡಿಕೊಂಡು ನಿಟ್ಟುಸಿರಿಟ್ಟರು. ಆಗ ಆ ಹುಡುಗಿ ನನ್ನ ಪಕ್ಕ ಕುಳಿತು, ಹೆಬ್ಬೆರಳನ್ನು ತನ್ನ ದುಪಟ್ಟಾದಿಂದ ಒರೆಸಿ, "ಡರೋ ಮತ್ ಆಂಟೀ, ಹಲ್ಕೇ ಸೇ" ಎಂದು ಧೈರ್ಯ ಹೇಳಿ, ತಾನೇ ಹಿಡಿದು ಹಗುರವಾಗಿ ಯಂತ್ರದ ಮೇಲಿಟ್ಟಳು. ಹಸಿರು! ನನ್ನ ಮನೆ ನುಂಗಿಬಿಡುತ್ತಾಳೆಂದು ನಾನು ನಿದ್ದೆಗೆಟ್ಟದ್ದು ಇಂಥವಳಿಗೆ ಹೆದರಿ! ಬೀಗದ ಕೈಯ ಜೊತೆ ಒಂದು ಡಬ್ಬಿ ಚಕ್ಕುಲಿಯನ್ನೂ ಕೊಟ್ಟೆ.

"ಅಬ್ ಗ್ಯಾರಾ ಮಹೀನೇ ಟೆನ್ಶನ್ ನಹೀ" ಎಂದು ಹನ್ನೊಂದು ತಿಂಗಳ ನಿಶ್ಚಿಂತೆಯ ಭರವಸೆ ಕೊಟ್ಟು ಏಜೆಂಟ್ ಯಂತ್ರವನ್ನು ಚೀಲಕ್ಕೆ ತುಂಬತೊಡಗಿದ. ಅಷ್ಟರಲ್ಲಿ ಯಜಮಾನರು ಎಲ್ಲರ ಚಹಾ ಲೋಟಗಳನ್ನು ಸಿಂಕಿನಲ್ಲಿ ಪೇರಿಸಿಟ್ಟು, ಕೈ ಒರೆಸಿಕೊಂಡು, ಪೇಪರ್ ಹಿಡಿದು ಕುಳಿತಾಗಿತ್ತು. ನಾನು ಲಿಫ್ಟಿನವರೆಗೂ ಏಜೆಂಟನ ಹಿಂದೆಯೇ ಹೋಗಿ ಮೆಲ್ಲಗೆ ವಿಚಾರಿಸಿದೆ: ಇಂಥ ಕರಾರನ್ನು ತಿಂಗಳಿಗೊಮ್ಮೆ ಹೊಸದಾಗಿ ಮಾಡಿಸಲು ಕಾನೂನಿನಲ್ಲಿ ಅವಕಾಶವಿದೆಯೇ?